ಪಟ್ಟ ದೊಡ್ಡದೋ, ದಾಖಲೆ ದೊಡ್ಡದೋ?

ಮುಧೋಳ ತಾಲ್ಲೂಕಿನ ತಿಮ್ಮಾಪುರದ ಹೆಸರು ಹೊರಗಿನವರ ಕಿವಿಗೆ ಬೀಳುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ರನ್ನನಗರದ ಸಹಕಾರಿ ಸಕ್ಕರೆ ಕಾರ್ಖಾನೆ. ಇನ್ನೊಂದು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇಲ್ಲಿ ನಡೆಸುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ. ಓಟಕ್ಕೆಂದೇ ಹುಟ್ಟಿದಂತಿರುವ ಮುಧೋಳ ನಾಯಿಯ ಸೀಮೆ ಇದು. ಇಲ್ಲಿನ ಜನರಿಗೆ ಓಟ ನೋಡಿ ಬೆಲೆ ಕಟ್ಟುವ ಕಣ್ಣು ಮೊದಲಿನಿಂದಲೂ ಇದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಜಾತ್ರೆ ಬಂತೆಂದರೆ ಎತ್ತಿನ ಗಾಡಿ ಓಟ, ತೆರಬಂಡಿ, ಕುಸ್ತಿ ಇದ್ದೇ ಇರುತ್ತವೆ. ಗಾಡಿ ಓಟದಲ್ಲಿ ಮುಂದೆ ಬಂದ ಜೋಡಿ ಗೆದ್ದಂತೆ. ತೆರಬಂಡಿಯಲ್ಲಿ ಹಾಗಲ್ಲ. ಗಾಲಿ ಕಟ್ಟಿದ ಬಂಡಿಯನ್ನು ಒಂದೊಂದೇ ಜೋಡಿ ಎಳೆಯುತ್ತದೆ. ಗೊತ್ತುಮಾಡಿದ ಹೊತ್ತಿನಲ್ಲಿ ಎಷ್ಟು ದೂರ ಎಳೆಯಿತೆಂದು ಟೇಪು ಹಿಡಿದು ಅಳೆಯುತ್ತಾರೆ. ಕುಸ್ತಿಯ ಕಣದಲ್ಲಿ ಅಳತೆಯ ಮಾತೇ ಇಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟೆ.

ಜಗತ್ತಿನ ಓಟದ ಕ್ರೀಡೆ ನೂರು ವರ್ಷಕ್ಕೂ ಮೇಲ್ಪಟ್ಟು ಈ ಎರಡು ಬಗೆಯ ತೀರ್ಪಿನ ನಡುವೆ ಜಗ್ಗಾಡುತ್ತಿದೆ. ಓಟಗಾರ ಬೆಲೆ ಕೊಡಬೇಕಾದದ್ದು ಯಾವುದಕ್ಕೆ? ಎದುರಿಗಿದ್ದವರನ್ನೆಲ್ಲ ಹಿಂದೆ ಹಾಕಿ ಪಡೆದ ಪಟ್ಟಕ್ಕೋ, ಗಡಿಯಾರ ತೋರಿಸಿದ ದಾಖಲೆಗೋ? ತಾಲ್ಲೂಕು ಕ್ರೀಡಾಕೂಟದಿಂದ ಬಂದ ಹುಡುಗನಿಗೆ ಮನೆಯಲ್ಲಿ ಕೇಳುವ ಪ್ರಶ್ನೆ, “ಎಷ್ಟನೇ ನಂಬರ ಬಂದಿಯೋ?” ಎಂದು. ಅದೇ ಹುಡುಗ ಸೇನಾ ಭರ್ತಿಗೆ ಹೋದರೆ ಅಲ್ಲಿ ನೋಡುವುದು ಎಷ್ಟು ನಿಮಿಷ ತೆಗೆದುಕೊಂಡ ಎಂಬುದನ್ನು. ಹಾಗಾಗಿ ಈ ಪ್ರಶ್ನೆ ಒಲಿಂಪಿಕ್ಸ್‌ ಓಟಗಾರರಿಗೆ ಮಾತ್ರ ಸೇರಿದ್ದಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳೆಯುವ ವಯಸ್ಸಿನಲ್ಲಿ ಓಟಗಾರನಿಗೆ ತನ್ನ ವೇಳೆಯೇ ಮುಖ್ಯ, ಬೆಳೆದ ಮೇಲೆ ಪಟ್ಟ ಮುಖ್ಯ. ಈ ಕ್ರಮ ತಲೆಕೆಳಗಾದಾಗಲೇ ನಾವು ಒಳ್ಳೆಯ ಓಟಗಾರರನ್ನು ಕಳೆದುಕೊಳ್ಳುತ್ತೇವೆ.

ಗಡಿಯಾರ ಬಂದದ್ದು ಆಮೇಲೆ

ಪ್ರಾಚೀನ ಗ್ರೀಸಿನ ಒಲಿಂಪಿಕ್ಸ್‌ನಲ್ಲಿ ಯಾರ ವೇಳೆಯನ್ನೂ ಅಳೆಯಲಿಲ್ಲ. ಕ್ರಿ.ಪೂ. 776ರಲ್ಲಿ ಗೆದ್ದ ಎಲಿಸ್‌ನ ಕೊರೊಯ್ಬೊಸ್‌ನ ಹೆಸರು ಇಂದಿಗೂ ಉಳಿದಿದೆ. ಅವನು ಎಷ್ಟು ವೇಗವಾಗಿ ಓಡಿದ ಎಂಬುದು ಯಾರಿಗೂ ಗೊತ್ತಿಲ್ಲ. ಓಟದಲ್ಲಿ ಗೆದ್ದವನ ಹೆಸರಿನಿಂದಲೇ ಮುಂದಿನ ನಾಲ್ಕು ವರ್ಷಗಳ ಅವಧಿಯನ್ನು ಗುರುತಿಸುತ್ತಿದ್ದರು. ಅಂದರೆ ಆ ಕಾಲದಲ್ಲಿ ಓಟಕ್ಕೆ ಇದ್ದ ಅರ್ಥ ಒಂದೇ, ಗೆಲುವು.

ವಿಶ್ವದಾಖಲೆಗಳನ್ನು ಅಧಿಕೃತವಾಗಿ ಒಪ್ಪುವ ಪದ್ಧತಿ ಬಂದದ್ದು 1912ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಹುಟ್ಟಿದ ಮೇಲೆ. ಪುರುಷರ 100 ಮೀಟರ್‌ನಲ್ಲಿ ಅದು ಒಪ್ಪಿದ ಮೊದಲ ದಾಖಲೆ ಅಮೆರಿಕದ ಡೊನಾಲ್ಡ್ ಲಿಪ್ಪಿನ್‌ಕಾಟ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಓಡಿದ 10.6 ಸೆಕೆಂಡ್. ಅದು ಬಂದದ್ದು ಹೀಟ್ಸ್‌ನಲ್ಲಿ. ಫೈನಲ್‌ನಲ್ಲಿ 10.8 ಸೆಕೆಂಡಿಗೆ ಗೆದ್ದವನು ರಾಲ್ಫ್ ಕ್ರೇಗ್. ಲಿಪ್ಪಿನ್‌ಕಾಟ್‌ಗೆ ಮೂರನೇ ಸ್ಥಾನ. ದಾಖಲೆ ಒಬ್ಬನದು, ಪಟ್ಟ ಇನ್ನೊಬ್ಬನದು ಎಂಬ ಸ್ಥಿತಿ ಮೊದಲ ದಿನದಿಂದಲೇ ಶುರುವಾಯಿತು.

ದಾಖಲೆಯ ಪಕ್ಷ

ದಾಖಲೆಯನ್ನು ಮೇಲಿಡುವವರ ವಾದದಲ್ಲಿ ತೂಕವಿದೆ. ಪಟ್ಟ ಆ ದಿನ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಅವಲಂಬಿಸಿದೆ, ಗಡಿಯಾರಕ್ಕೆ ಆ ಹಂಗಿಲ್ಲ. ಪದಕ ಮೂರೇ. ನಾಲ್ಕನೆಯವರ ಸಾಮರ್ಥ್ಯವನ್ನು ಪದಕಪಟ್ಟಿ ಹೇಳುವುದೇ ಇಲ್ಲ.

ಭಾರತದ ಓಟದ ಇತಿಹಾಸವನ್ನು ಬರಿ ಪದಕದಿಂದ ಬರೆದರೆ ಅರ್ಧ ಅಳಿಸಿಹೋಗುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದರು. ಅಂದು ಅವರು ಓಡಿದ 45.6 ಸೆಕೆಂಡ್ ಆವರೆಗಿನ ಒಲಿಂಪಿಕ್ ದಾಖಲೆಯಾದ 45.9ಕ್ಕಿಂತ ಉತ್ತಮವಾಗಿತ್ತು. ಎಲೆಕ್ಟ್ರಾನಿಕ್ ಗಡಿಯಾರದ ಲೆಕ್ಕದಲ್ಲಿ 45.73 ಆದ ಆ ಓಟ 1998ರವರೆಗೆ, ಅಂದರೆ 38 ವರ್ಷ, ರಾಷ್ಟ್ರೀಯ ದಾಖಲೆಯಾಗಿ ನಿಂತಿತು. 1976ರ ಮಾಂಟ್ರಿಯಲ್‌ನಲ್ಲಿ ಶ್ರೀರಾಮ್ ಸಿಂಗ್ 800 ಮೀಟರ್ ಫೈನಲ್‌ನ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ಕ್ಯೂಬಾದ ಹುವಾಂತೊರೇನಾ 1:43.50ರ ವಿಶ್ವದಾಖಲೆಯೊಂದಿಗೆ ಗೆದ್ದ ಓಟ ಅದು. ಶ್ರೀರಾಮ್ ಏಳನೆಯವರಾದರೂ ಅವರ 1:45.77 ದಾಖಲೆಯನ್ನು ಮುರಿಯಲು ಜಿನ್ಸನ್ ಜಾನ್ಸನ್ 2018ರಲ್ಲಿ ಬರಬೇಕಾಯಿತು. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡರು. ಅವರ 55.42 ಸೆಕೆಂಡಿನ ಓಟವನ್ನು ಭಾರತದ ಯಾವ ಓಟಗಾರ್ತಿಯೂ 39 ವರ್ಷ ಸರಿಗಟ್ಟಲಿಲ್ಲ.

ಈ ಮೂವರ ದೊಡ್ಡತನವನ್ನು ತಲೆಮಾರಿನಿಂದ ತಲೆಮಾರಿಗೆ ಸಾರಿದ್ದು ದಾಖಲೆಗಳೇ. ಸೋತವರಿಗೂ ಗಡಿಯಾರ ನ್ಯಾಯ ಕೊಡುತ್ತದೆ ಎಂಬುದು ಈ ಪಕ್ಷದ ಅತಿ ಬಲವಾದ ಮಾತು. ಇನ್ನೂ ಒಂದು ಮಾತಿದೆ: ಎದುರಾಳಿಯ ಶಕ್ತಿ ನನ್ನ ಕೈಯಲ್ಲಿಲ್ಲ, ನನ್ನ ವೇಳೆ ನನ್ನ ಕೈಯಲ್ಲಿದೆ. ದಿನವೂ ಮುಂಜಾನೆ ಒಬ್ಬನೇ ಓಡುವ ಹುಡುಗನಿಗೆ ಜಗತ್ತಿನ ಓಟಗಾರರೊಂದಿಗೆ ಇರುವ ನಂಟು ಆ ಗಡಿಯಾರದ್ದು.

ಪಟ್ಟದ ಪಕ್ಷ

ಆದರೆ ಗಡಿಯಾರ ನಾವು ನಂಬಿದಷ್ಟು ನಿಷ್ಪಕ್ಷಪಾತಿಯಲ್ಲ. ಇದಕ್ಕೆ ನಮ್ಮ ಗಡಿಜಿಲ್ಲೆಯ ಕಥೆಯೇ ಸಾಕ್ಷಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡೆಗಳು ಮತ್ತು ದೊರಾಬ್ಜಿ ಟಾಟಾ ಅವರ ಆಸಕ್ತಿಯಿಂದ ಹೊರಟ ತಂಡ ಅದು. ಮ್ಯಾರಥಾನ್‌ನಲ್ಲಿ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ವೇಳೆ 2 ಗಂಟೆ 50 ನಿಮಿಷ 45 ಸೆಕೆಂಡ್. ಇಂದಿನ ವೇಳೆಪಟ್ಟಿಯ ಪಕ್ಕದಲ್ಲಿಟ್ಟರೆ ಇದು ಸಾಧಾರಣವೆನ್ನಿಸಬಹುದು. ಆದರೆ ಆಂಟ್‌ವರ್ಪ್‌ನ ಹಾದಿ 42.75 ಕಿಲೋಮೀಟರ್ ಇತ್ತು, ಇಂದಿನ 42.195ಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಆ ವೇಳೆಯನ್ನು ಇಂದಿನ ಯಾರ ವೇಳೆಯ ಜೊತೆಗೂ ನೇರವಾಗಿ ಹೋಲಿಸಲಾಗದು. 19ನೇ ಸ್ಥಾನವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಜಗತ್ತಿನ ಶ್ರೇಷ್ಠರ ನಡುವೆ ಅಂದು ಆ ಮನುಷ್ಯ ಎಲ್ಲಿ ನಿಂತಿದ್ದರು ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ.

ದೂರ ಒಂದೇ ಆದರೂ ವೇಳೆ ಬೇರೆಬೇರೆ ಕಾರಣಗಳಿಂದ ಬದಲಾಗುತ್ತದೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ 100 ಮೀಟರ್ ದಾಖಲೆ ಊರ್ಜಿತವಾಗದು. ಎತ್ತರದ ಊರಿನ ತೆಳುಗಾಳಿ ಸ್ಪ್ರಿಂಟರ್‌ಗಳಿಗೆ ಅನುಕೂಲ, ದೂರದ ಓಟದವರಿಗೆ ಪ್ರತಿಕೂಲ. ಸ್ಟಾಪ್‌ವಾಚಿನಲ್ಲಿ ಕೈಯಿಂದ ಹಿಡಿದ 100 ಮೀಟರ್ ವೇಳೆ ಎಲೆಕ್ಟ್ರಾನಿಕ್ ವೇಳೆಗಿಂತ ಸುಮಾರು 0.24 ಸೆಕೆಂಡ್ ಚುರುಕಾಗಿ ಕಾಣುತ್ತದೆ. ಇತ್ತೀಚೆಗೆ ಕಾರ್ಬನ್ ತಟ್ಟೆಯ ದಪ್ಪ ಅಟ್ಟೆಯ ಬೂಟುಗಳು ಬಂದು ಮ್ಯಾರಥಾನ್ ವೇಳೆಗಳನ್ನೇ ಕೆಳಗಿಳಿಸಿದವು. ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರ್ ಮೀರಬಾರದೆಂದು 2020ರಲ್ಲಿ ನಿಯಮ ಮಾಡಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1:59:40ರಲ್ಲಿ ಮುಗಿಸಿದರು. ಸರದಿಯ ಮೇಲೆ ಬಂದು ಗಾಳಿ ತಡೆಯುತ್ತ ಓಡಿದ ಜೊತೆಗಾರರಿದ್ದ ಆ ಓಟವನ್ನು ದಾಖಲೆಯಾಗಿ ಒಪ್ಪಲಿಲ್ಲ. ಮನುಷ್ಯದೇಹದ ಶಕ್ತಿಗೆ ಅದು ದೊಡ್ಡ ಸಾಕ್ಷಿ ನಿಜ. ಆದರೆ ಅಲ್ಲಿ ಕಿಪ್ಚೋಗೆಯನ್ನು ಸೋಲಿಸಲು ಬಂದವರು ಯಾರೂ ಇರಲಿಲ್ಲ.

ಸೋಲಿಸಲು ಬಂದವರು ಇದ್ದಾಗ ಓಟವೇ ಬೇರೆಯಾಗುತ್ತದೆ. ರೋಜರ್ ಬ್ಯಾನಿಸ್ಟರ್ 1954ರ ಮೇ 6ರಂದು ಮೈಲಿಯನ್ನು ಮೊದಲ ಬಾರಿ ನಾಲ್ಕು ನಿಮಿಷದೊಳಗೆ, 3:59.4ರಲ್ಲಿ ಓಡಿದರು. ಏಳು ವಾರ ಕಳೆಯುವುದರೊಳಗೆ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಆ ದಾಖಲೆಯನ್ನು ಕಿತ್ತುಕೊಂಡರು. ಆಗಸ್ಟ್‌ನಲ್ಲಿ ವ್ಯಾಂಕೂವರ್‌ನಲ್ಲಿ ಇಬ್ಬರೂ ಮುಖಾಮುಖಿಯಾದರು. ಕೊನೆಯ ತಿರುವಿನವರೆಗೆ ಮುಂದಿದ್ದ ಲ್ಯಾಂಡಿ ಎಡಕ್ಕೆ ಹೊರಳಿ ಹಿಂದೆ ನೋಡಿದ ಗಳಿಗೆಯಲ್ಲೇ ಬ್ಯಾನಿಸ್ಟರ್ ಬಲಗಡೆಯಿಂದ ದಾಟಿದರು. ದಾಖಲೆ ಲ್ಯಾಂಡಿಯ ಬಳಿಯೇ ಉಳಿಯಿತು, ಗೆಲುವು ಬ್ಯಾನಿಸ್ಟರ್‌ಗೆ ಹೋಯಿತು. ಬ್ಯಾನಿಸ್ಟರ್ ಅಂದು ಗೆದ್ದಿರದಿದ್ದರೆ ಅವರ ಮೇ ತಿಂಗಳ ಸಾಧನೆ ಇಷ್ಟು ಭದ್ರವಾಗಿ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಇನ್ನೊಬ್ಬ ಆಸ್ಟ್ರೇಲಿಯನ್ ರಾನ್ ಕ್ಲಾರ್ಕ್ ಅವರ ಕಥೆ ಮನಸ್ಸು ಕಲಕುತ್ತದೆ. ಹದಿನೈದಕ್ಕೂ ಹೆಚ್ಚು ವಿಶ್ವದಾಖಲೆ ಮಾಡಿದ ಅವರಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಒಂದೇ ಪದಕ, 1964ರ 10,000 ಮೀಟರ್ ಕಂಚು. 1952ರಲ್ಲಿ 5,000, 10,000 ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದಿದ್ದ ಎಮಿಲ್ ಜಟೊಪೆಕ್ ತನ್ನ ಒಂದು ಚಿನ್ನದ ಪದಕವನ್ನು ಕ್ಲಾರ್ಕ್‌ಗೆ ಪ್ರೀತಿಯಿಂದ ಕೊಟ್ಟುಬಿಟ್ಟರು. ದಾಖಲೆಗಳ ರಾಶಿಯಿದ್ದರೂ ಆ ಓಟಗಾರನಿಗೆ ಸಲ್ಲಬೇಕಾದದ್ದು ಸಂದಿಲ್ಲವೆಂದು ಜಟೊಪೆಕ್‌ರಂಥವರಿಗೇ ಅನ್ನಿಸಿತು.

ಮೊರಾಕ್ಕೊದ ಹಿಶಾಮ್ ಎಲ್ ಗೆರೂಜ್ 1998ರಲ್ಲಿ 1500 ಮೀಟರನ್ನು 3:26.00ರಲ್ಲಿ ಓಡಿ ವಿಶ್ವದಾಖಲೆ ಮಾಡಿದರು. 1996ರ ಒಲಿಂಪಿಕ್ ಫೈನಲ್‌ನಲ್ಲಿ ಬಿದ್ದವರು, 2000ದಲ್ಲಿ ಎರಡನೆಯವರಾಗಿ ಅತ್ತವರು, 2004ರ ಅಥೆನ್ಸ್‌ನಲ್ಲಿ 3:34.18ರ ಓಟದಿಂದ ಚಿನ್ನ ಗೆದ್ದರು. ತಮ್ಮದೇ ದಾಖಲೆಗಿಂತ ಎಂಟು ಸೆಕೆಂಡ್ ನಿಧಾನವಾದ ಆ ಓಟ ಅವರ ಬಾಳಿನ ಅತಿ ದೊಡ್ಡ ಓಟಗಳಲ್ಲಿ ಒಂದಾಯಿತು. ಪಟ್ಟ ಕೇಳುವ ವಿದ್ಯೆಯೇ ಬೇರೆ. ಹೀಟ್ಸ್, ಸೆಮಿಫೈನಲ್ ದಾಟಿಯೂ ಕಾಲಲ್ಲಿ ಕಸುವು ಉಳಿಸಿಕೊಳ್ಳಬೇಕು, ಗುಂಪಿನಲ್ಲಿ ಸಿಕ್ಕಿಬೀಳದಂತೆ ನೋಡಿಕೊಳ್ಳಬೇಕು, ಯಾರು ಯಾವಾಗ ಜಿಗಿಯುತ್ತಾರೆಂದು ಅಳೆಯಬೇಕು. ವೇಳೆಗೆ ಸಮಯ, ಊರು, ಹವೆ ಆರಿಸಿಕೊಳ್ಳಬಹುದು. ಪಟ್ಟಕ್ಕೆ ಅದೊಂದೇ ದಿನ.

ಪಟ್ಟಕ್ಕೂ ಕೊರತೆಯಿದೆ

ಹಾಗೆಂದು ಪಟ್ಟವನ್ನು ಕಣ್ಣುಮುಚ್ಚಿ ಪೂಜಿಸಬೇಕಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮ್ಯಾಥ್ಯೂ ಸೆಂಟ್ರೊವಿಟ್ಸ್ 1500 ಮೀಟರ್ ಗೆದ್ದ ವೇಳೆ 3:50.00, 1932ರಿಂದೀಚೆಗೆ ಅತಿ ನಿಧಾನವಾದ ಗೆಲುವು. ಮುಂದಿನ ತಿಂಗಳು ಅದೇ ರಿಯೊದ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳ ಓಟಗಾರರ ಫೈನಲ್‌ನಲ್ಲಿ ಅಲ್ಜೀರಿಯಾದ ಅಬ್ದೆಲ್ಲತೀಫ್ ಬಾಕಾ 3:48.29ರಲ್ಲಿ ಗೆದ್ದರು. ಮೊದಲ ನಾಲ್ವರೂ ಸೆಂಟ್ರೊವಿಟ್ಸ್‌ಗಿಂತ ವೇಗವಾಗಿದ್ದರು.

ನಮ್ಮ ನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದದ್ದು 56.15 ಸೆಕೆಂಡಿಗೆ. 2023ರ ಹಾಂಗ್‌ಜೌ ಏಷ್ಯನ್ ಗೇಮ್ಸ್‌ನ ಅದೇ ಸ್ಪರ್ಧೆಯ ಹೀಟ್ಸ್‌ನಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ 55.42 ಓಡಿ ಉಷಾ ಅವರ ದಾಖಲೆಯನ್ನು ಸರಿಗಟ್ಟಿದರು. ಮರುದಿನದ ಫೈನಲ್‌ನಲ್ಲಿ 55.68 ಓಡಿ ಕಂಚು ಪಡೆದರು. ಚಿನ್ನದ ಓಟಕ್ಕಿಂತ ಕಂಚಿನ ಓಟ ವೇಗದ್ದು. ಹಾಗಾದರೆ ಅಶ್ವಿನಿಯ ಚಿನ್ನ ಕಡಿಮೆಯದೇ? ಅಲ್ಲ. ಎದುರಿಗೆ ಬಂದವರನ್ನೆಲ್ಲ ಅವರು ಸೋಲಿಸಿದರು, ಓಟಗಾರ್ತಿಯಿಂದ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಲಾಗದು. ವಿದ್ಯಾ ಅವರ ಓಟವೂ ಕಡಿಮೆಯದಲ್ಲ. ಎರಡು ಅಳತೆಗಳು ಎರಡು ಬೇರೆ ಸತ್ಯಗಳನ್ನು ಹೇಳುತ್ತಿವೆ.

ಪಟ್ಟ ಶಾಶ್ವತ ಎಂಬ ಮಾತೂ ಪೂರ್ತಿ ಸರಿಯಲ್ಲ. 2018ರ ಏಷ್ಯನ್ ಗೇಮ್ಸ್‌ನ ಮಿಶ್ರ ರಿಲೇಯಲ್ಲಿ ಮಂಗಳೂರಿನ ಎಂ.ಆರ್. ಪೂವಮ್ಮ ಇದ್ದ ಭಾರತ ತಂಡ ಅಂದು ಪಡೆದದ್ದು ಬೆಳ್ಳಿ. ಬಹರೇನ್‌ ತಂಡದ ಓಟಗಾರ್ತಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ಮೇಲೆ, 2020ರಲ್ಲಿ ಅದು ಚಿನ್ನವಾಯಿತು. ಮದ್ದು ದಾಖಲೆಯನ್ನೂ ಕೆಡಿಸುತ್ತದೆ, ಪಟ್ಟವನ್ನೂ ಕೆಡಿಸುತ್ತದೆ.

ಆದರೂ ಜನರ ನೆನಪು ಯಾವ ಕಡೆ ವಾಲುತ್ತದೆ ನೋಡಿ. ಕೊಡಗಿನ ಅಶ್ವಿನಿ ನಾಚಪ್ಪ ಎಂದ ಕೂಡಲೇ ಆ ಕಾಲದವರು ಹೇಳುವ ಮಾತು, “ಉಷಾರನ್ನು ಸೋಲಿಸಿದವರು” ಎಂದು. ಆ ಓಟದ ವೇಳೆ ಎಷ್ಟೆಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಇತ್ತ ದಾಖಲೆಯ ಆಯುಷ್ಯ ನೋಡಿ. ಕರ್ನಾಟಕದ ಮಣಿಕಂಠ ಹೋಬಳಿದಾರ್ 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 100 ಮೀಟರನ್ನು 10.23 ಸೆಕೆಂಡಿಗೆ ಓಡಿ ರಾಷ್ಟ್ರೀಯ ದಾಖಲೆ ಬರೆದರು. 2025ರ ಮಾರ್ಚ್‌ನಲ್ಲಿ ಅದೇ ಬೆಂಗಳೂರಿನಲ್ಲಿ ಅವರು 10.22 ಓಡಿ ತಮ್ಮ ದಾಖಲೆಯನ್ನು ಮೀರಿದರು; ಆದರೆ ಅದೇ ಓಟದಲ್ಲಿ ಗುರಿಂದರ್‌ವೀರ್ ಸಿಂಗ್ 10.20ಕ್ಕೆ ಗುರಿ ಮುಟ್ಟಿದ್ದರು. ನಾಲ್ಕು ತಿಂಗಳು ತುಂಬುವ ಮೊದಲೇ ಅನಿಮೇಶ್ ಕುಜೂರ್ ಗ್ರೀಸಿನಲ್ಲಿ 10.18 ಓಡಿದರು. ಇದು ಭಾರತದ ಸ್ಪ್ರಿಂಟ್‌ಗೆ ಸಂತೋಷದ ಕಾಲ. ದಾಖಲೆ ಮುರಿಯುವುದಕ್ಕೆಂದೇ ಇರುವುದು, ಅದನ್ನು ಹಿಡಿದು ಕುಳಿತುಕೊಳ್ಳಲು ಬರುವುದಿಲ್ಲ.

ಕಂಬಳ ಕಲಿಸಿದ ಪಾಠ

ವೇಳೆಯ ಮೋಹ ಎಲ್ಲಿಗೆ ಮುಟ್ಟಬಹುದೆಂದು 2020ರ ಫೆಬ್ರುವರಿಯಲ್ಲಿ ಕರ್ನಾಟಕ ಕಂಡಿತು. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು, ಉಸೇನ್ ಬೋಲ್ಟ್‌ನ 9.58ರ ಜೊತೆ ಹೋಲಿಸಿದರು. ದೇಶವೆಲ್ಲ ಗದ್ದಲವಾಯಿತು; ಕೇಂದ್ರ ಕ್ರೀಡಾ ಸಚಿವರು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆದರು. ಗೌಡರು ಒಪ್ಪಲಿಲ್ಲ. ತನ್ನದು ಕೆಸರುಗದ್ದೆಯ ಓಟ, ಕೋಣಗಳಿಗೂ ಅದರಲ್ಲಿ ಪಾಲಿದೆ ಎಂಬ ಅರ್ಥದ ಅವರ ಮಾತಿನಲ್ಲಿ ಲೆಕ್ಕ ಹಾಕಿದವರಿಗಿಂತ ಹೆಚ್ಚು ವಿವೇಕವಿತ್ತು. ಹಗ್ಗ ಹಿಡಿದ ಓಟಗಾರನನ್ನು ಕೋಣಗಳ ವೇಗ ಎಳೆದೊಯ್ಯುತ್ತದೆ. ದೂರ ಹೆಚ್ಚಿದಷ್ಟೂ ಆರಂಭದ ನಿಧಾನಗತಿಯ ಪಾಲು ಕಡಿಮೆಯಾಗಿ ಸರಾಸರಿ ಏರುತ್ತದೆ. ಕರೆ ಎನ್ನುವ ಕಂಬಳದ ಓಟದ ಗದ್ದೆಯ ಉದ್ದವೂ ಊರಿಂದೂರಿಗೆ ಬೇರೆ.

ಆ ಗದ್ದಲದಲ್ಲಿ ಕಳೆದುಹೋದದ್ದು ಕಂಬಳದ ಸ್ವಂತ ಮಾನದಂಡಗಳು. ನೇಗಿಲು, ಹಗ್ಗ, ಅಡ್ಡಹಲಗೆ ವಿಭಾಗಗಳಲ್ಲಿ ಜೋಡಿಗಳು ಒಂದರೆದುರು ಒಂದು ಓಡಿ ಗೆಲ್ಲಬೇಕು. ಕನೆಹಲಗೆಯಲ್ಲಿ ಮಾತ್ರ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದೇ ತೀರ್ಪು. ನಮ್ಮ ಗಾಡಿ ಓಟ ಮತ್ತು ತೆರಬಂಡಿಯಂತೆ ಕರಾವಳಿಯ ರೈತರೂ ಗೆಲುವಿಗೊಂದು, ಅಳತೆಗೊಂದು ಸ್ಪರ್ಧೆ ಇಟ್ಟುಕೊಂಡಿದ್ದಾರೆ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಂಡಿಲ್ಲ.

ಹೊಟ್ಟೆಪಾಡಿನ ಲೆಕ್ಕ

ನಮ್ಮ ಭಾಗದ ಬಹುಪಾಲು ಹುಡುಗರು ಓಡುವುದು ನೌಕರಿಗಾಗಿ. ಅಗ್ನಿವೀರ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ಣ 60 ಅಂಕ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಟ್ಟಬೇಕು. ಇಲ್ಲಿ ಮೊದಲು ಬಂದವನಿಗೂ ಹತ್ತನೆಯವನಿಗೂ ಭೇದವಿಲ್ಲ, ಇಬ್ಬರೂ ವೇಳೆಯೊಳಗೆ ಬಂದರೆ ಸಾಕು. ಕ್ರೀಡಾ ಕೋಟಾದ ನೌಕರಿಗೆ ಹೋದರೆ ಲೆಕ್ಕ ತಿರುಗುತ್ತದೆ; ಅಲ್ಲಿ ಬೇಕಾದದ್ದು ಯಾವ ಮಟ್ಟದ ಕೂಟದಲ್ಲಿ ಎಷ್ಟನೇ ಸ್ಥಾನ ಎಂಬ ಪ್ರಮಾಣಪತ್ರ. ಓಟಗಾರನ ಬದುಕಿಗೆ ಎರಡೂ ಬೇಕು.

ಅಂತರರಾಷ್ಟ್ರೀಯ ಒಕ್ಕೂಟವೂ ಈಗ ಹೀಗೆಯೇ ಮಾಡಿದೆ. ವಿಶ್ವ ಶ್ರೇಯಾಂಕದಲ್ಲಿ ಓಟಗಾರನ ವೇಳೆಗೆ ಅಂಕ, ಸ್ಥಾನಕ್ಕೂ ಅಂಕ. ದೊಡ್ಡ ಕೂಟದ ಸ್ಥಾನಕ್ಕೆ ಹೆಚ್ಚು ಅಂಕ. ಒಲಿಂಪಿಕ್ಸ್‌ಗೆ ಎರಡು ದಾರಿ: ನಿಗದಿತ ಅರ್ಹತಾ ವೇಳೆ ಮುಟ್ಟುವುದು, ಇಲ್ಲವೇ ಶ್ರೇಯಾಂಕದಿಂದ ಒಳಬರುವುದು. 2024ರ ಪ್ಯಾರಿಸ್‌ಗೆ ಪುರುಷರ 100 ಮೀಟರ್ ಅರ್ಹತಾ ವೇಳೆ 10.00 ಸೆಕೆಂಡ್ ಇತ್ತು. ಬಾಗಿಲು ತೆರೆಯುವುದು ವೇಳೆ. ಒಳಗೆ ಹೋದ ಮೇಲೆ ಲೆಕ್ಕಕ್ಕೆ ಬರುವುದು ಸ್ಥಾನ.

ಮಹಾರಾಷ್ಟ್ರದ ಅವಿನಾಶ್ ಸಾಬ್ಳೆ ಇದನ್ನು ಬದುಕಿ ತೋರಿಸಿದವರು. 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಮತ್ತೆಮತ್ತೆ ರಾಷ್ಟ್ರೀಯ ದಾಖಲೆ ಮುರಿಯುತ್ತ ಬಂದ ಅವರು 2024ರ ಜುಲೈನಲ್ಲಿ ಪ್ಯಾರಿಸ್ ಡೈಮಂಡ್ ಲೀಗ್‌ನಲ್ಲಿ 8:09.91 ಓಡಿದರು. ಅಂದು ಆರನೇ ಸ್ಥಾನ. ಅದಕ್ಕಿಂತ ನಿಧಾನವಾದ 8:11.20ರ ಓಟಕ್ಕೆ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಬಂದಿತ್ತು. ಆ ಸ್ಪರ್ಧೆಯಲ್ಲಿ 1994ರ ನಂತರ ಕೆನ್ಯಾದವರಲ್ಲದೆ ಬೇರೆ ಯಾರೂ ಪದಕ ಮುಟ್ಟಿರಲಿಲ್ಲ. ವರ್ಷಗಟ್ಟಲೆ ಗಡಿಯಾರದೊಂದಿಗೆ ಗುದ್ದಾಡಿ ಗಳಿಸಿದ ಕಸುವೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆನ್ಯಾದವರ ಎದುರು ನಿಲ್ಲುವ ಎದೆ ಕೊಟ್ಟಿತು.

ನಮ್ಮ ಮೈದಾನಗಳಲ್ಲಿ ಆಗಬೇಕಾದದ್ದು

ಶಾಲಾ ಕ್ರೀಡಾಕೂಟಗಳಲ್ಲಿ ನಾವು ಇಂದು ಮಾಡುತ್ತಿರುವುದು ಇದಕ್ಕೆ ಉಲ್ಟಾ. ಹದಿಮೂರು-ಹದಿನಾಲ್ಕರ ಮಕ್ಕಳಲ್ಲಿ ಸ್ಥಾನವನ್ನಷ್ಟೇ ನೋಡುತ್ತೇವೆ. ಆ ವಯಸ್ಸಿನಲ್ಲಿ ಗೆಲ್ಲುವುದು ಅನೇಕ ಸಲ ಮೈ ಬೇಗ ಬೆಳೆದ ಮಗು. ತಡವಾಗಿ ಬೆಳೆಯುವ ಹುಡುಗ ನಾಲ್ಕನೆಯವನಾಗಿ ಮನೆಗೆ ಬಂದು ಓಟವನ್ನೇ ಬಿಡುತ್ತಾನೆ. ಅವನ ವೇಳೆಯನ್ನು ವರ್ಷದಿಂದ ವರ್ಷಕ್ಕೆ ಬರೆದಿಟ್ಟಿದ್ದರೆ ಅವನು ಎಷ್ಟು ಚುರುಕಾಗುತ್ತಿದ್ದಾನೆಂದು ಶಿಕ್ಷಕರಿಗೂ ಕಾಣುತ್ತಿತ್ತು, ಅವನಿಗೂ ಕಾಣುತ್ತಿತ್ತು. ಮುಂದೆ ಅದೇ ಹುಡುಗರಲ್ಲಿ ಕೆಲವರು ಇಪ್ಪತ್ತು ದಾಟಿ ರಾಜ್ಯಮಟ್ಟಕ್ಕೆ ಹೋದಾಗ ವೇಳೆಯ ಗುಂಗಿನಲ್ಲೇ ಉಳಿಯುತ್ತಾರೆ. ಹೀಟ್ಸ್‌ನಲ್ಲಿ ಕಸುವೆಲ್ಲ ಸುರಿದು ಫೈನಲ್‌ನಲ್ಲಿ ಬರಿಗೈಯಾಗುತ್ತಾರೆ.

ಇದನ್ನು ತಿದ್ದಲು ಸಿಂಥೆಟಿಕ್ ಟ್ರ್ಯಾಕ್ ಬರುವವರೆಗೆ ಕಾಯಬೇಕಿಲ್ಲ. ಮಣ್ಣಿನ ಮೈದಾನವನ್ನೇ ಸರಿಯಾಗಿ ಅಳೆದು ಸುಣ್ಣದ ಗೆರೆ ಹಾಕಲಿ. ಗೆದ್ದವನ ವೇಳೆ ಹಿಡಿಯಲು ಒಬ್ಬರ ಬದಲು ಮೂವರು ಗಡಿಯಾರ ಹಿಡಿದು ನಿಲ್ಲಲಿ, ಮೂರರ ನಡುವಿನ ವೇಳೆಯನ್ನು ಒಪ್ಪಲಿ. ಅಧಿಕೃತ ನಿಯಮವೂ ಅದನ್ನೇ ಹೇಳುತ್ತದೆ. ಉಳಿದ ಮಕ್ಕಳ ವೇಳೆಯನ್ನೂ ಆದಷ್ಟು ಹಿಡಿಯಲಿ. ಪ್ರಮಾಣಪತ್ರದಲ್ಲಿ ಸ್ಥಾನದ ಪಕ್ಕದಲ್ಲಿ ವೇಳೆಯನ್ನೂ, ಅದು ಸ್ಟಾಪ್‌ವಾಚಿನಲ್ಲಿ ಕೈಯಿಂದ ಹಿಡಿದದ್ದೆಂಬ ಸೂಚನೆಯನ್ನೂ ಬರೆಯಲಿ. ಹದಿನೆಂಟು ದಾಟಿದವರಿಗೆ ಗುಂಪಿನಲ್ಲಿ ಓಡುವ ಅಭ್ಯಾಸ ಮಾಡಿಸಲಿ: ನಿಧಾನವಾಗಿ ಶುರುವಾದ ಓಟದ ಕೊನೆಯ ಮುನ್ನೂರು ಮೀಟರ್ ಹೇಗೆ, ಮುಂದಿರುವವನನ್ನು ಯಾವ ತಿರುವಿನಲ್ಲಿ ದಾಟಬೇಕು ಎಂಬುದನ್ನು ಕಲಿಸಲಿ.

ಎಲ್ಲಕ್ಕಿಂತ ಎತ್ತರದ ಓಟವೆಂದರೆ ಎರಡೂ ಕೂಡಿದ್ದು. 2012ರ ಲಂಡನ್‌ನಲ್ಲಿ ಕೆನ್ಯಾದ ಡೇವಿಡ್ ರುಡಿಷಾ ಒಲಿಂಪಿಕ್ ಫೈನಲ್‌ನಲ್ಲೇ 800 ಮೀಟರನ್ನು 1:40.91ರಲ್ಲಿ ಓಡಿ ವಿಶ್ವದಾಖಲೆ ಬರೆದರು. ಮುಂದೆ ಓಡಿ ವೇಗ ಕಟ್ಟುವ ಜೊತೆಗಾರ ಇರಲಿಲ್ಲ. ಮೊದಲ ಹೆಜ್ಜೆಯಿಂದ ಅವರೇ ಮುಂದಿದ್ದರು. ಅಂಥ ದಿನ ಒಬ್ಬ ಓಟಗಾರನ ಬಾಳಿನಲ್ಲಿ ಒಮ್ಮೆ ಬಂದರೆ ಹೆಚ್ಚು. ಅಂಥ ದಿನ ಸಿಗದವರು ಒಂದನ್ನು ಆರಿಸಿಕೊಳ್ಳಬೇಕಾದಾಗ ಪಟ್ಟವನ್ನೇ ಆರಿಸಿಕೊಳ್ಳಲಿ ಎನ್ನುತ್ತೇನೆ. ಓಟ ಹುಟ್ಟಿದ್ದು ಇನ್ನೊಬ್ಬರ ಜೊತೆ, ಇನ್ನೊಬ್ಬರ ಎದುರು ಓಡುವುದಕ್ಕೆ. ಆದರೆ ಆ ಎದುರಾಳಿಯ ಮುಂದೆ ನಿಲ್ಲುವ ಅರ್ಹತೆಯನ್ನು ದಿನದಿನವೂ ಗಳಿಸಿಕೊಡುವುದು ಗಡಿಯಾರ. ತಿಮ್ಮಾಪುರದ ಮಗು ಮೊದಲು ನಿನ್ನೆಯ ತನ್ನನ್ನು ಸೋಲಿಸಲು ಕಲಿಯಲಿ, ಬೆಳೆದ ಮೇಲೆ ಎದುರಿಗಿದ್ದವರನ್ನು ಸೋಲಿಸಲು ಹೊರಡಲಿ. ಈ ಕ್ರಮವನ್ನು ಕಾಯುವ ಜವಾಬ್ದಾರಿ ಕಲಿಸುವವರದು, ಕೂಟ ನಡೆಸುವವರದು, ಮತ್ತು ಮನೆಯಲ್ಲಿ ನಂಬರ್ ಕೇಳುವ ನಮ್ಮೆಲ್ಲರದು.